ವೌಚ್‌ಸೇಫ್‌ಗೆ ಒಂದು ಹಿಡಿ ಅವಲಕ್ಕಿ

ಹೊನ್ನಾವರದ ಹೈಸ್ಕೂಲಿನಲ್ಲಿ ಮಹಾಬಲ ಮಾಸ್ತರರಿಗೆ ಇಂಗ್ಲಿಷ್ ಪಾಠ ಹೊಟ್ಟೆಪಾಡು, ತಾಳಮದ್ದಲೆಯಲ್ಲಿ ಪಾತ್ರವಾಗಿ ಮಾತಾಡುವುದು ಪ್ರಾಣ. ಎರಡನ್ನೂ ಬೇರೆ ಬೇರೆ ಇಡುವುದು ಅವರ ಹಣೆಯಲ್ಲಿ ಬರೆದಿರಲಿಲ್ಲ. ಯಾವ ಶಬ್ದ ಬಂದರೂ ಇಬ್ಬರು ಪಾತ್ರಧಾರಿಗಳನ್ನು ಎದುರುಬದುರು ಕೂರಿಸಿ ಮಾತಾಡಿಸದೆ ಬಿಡರು. ಮಕ್ಕಳಿಗೆ ಅದೇ ಹಬ್ಬ.

ಅರವತ್ತೊಂದರ ಆ ಸೋಮವಾರ ಮಾತ್ರ ಧಾರವಾಡದ ಇನ್‌ಸ್ಪೆಕ್ಟರ್ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕೋಟು, ಬೂಟು, ಬಾಯಿ ಬಿಟ್ಟರೆ ಇಂಗ್ಲಿಷ್. ಮಕ್ಕಳಿಗೂ ಗೊತ್ತಿತ್ತು, ಅವರು ಹೂಂ ಅಂದರೆ ಮಾಸ್ತರರ ನೌಕರಿ ಕಾಯಂ. ಊಹೂಂ ಅಂದರೆ ಕುಮಟೆಯ ಮಾವನ ಅಂಗಡಿಯಲ್ಲಿ ಬೆಲ್ಲ ತೂಗುವುದು.

“ಇವತ್ತೊಂದಿನ ತಾಳಮದ್ದಲೆ ಬೇಡ ಮಾರಾಯ್ರೆ. ಒಂದು ಶಬ್ದ, ಒಂದು ಅರ್ಥ, ಆತು” ಎಂದು ಹೆಡ್‌ಮಾಸ್ತರರು ಕೈಮುಗಿದು ಹೇಳಿದ್ದರು.

ಪದ್ಯದಲ್ಲಿ ‘ವೌಚ್‌ಸೇಫ್’ ಬಂತು. ಇಂಗ್ಲಿಷರೇ ಕೈಬಿಟ್ಟ ಹಳೇ ಕ್ರಿಯಾಪದ. “ದಯಪಾಲಿಸು” ಎಂದಷ್ಟೇ ಹೇಳಿ ಮಾಸ್ತರರು ಬಾಯಿಗೆ ಬೀಗ ಹಾಕಿಕೊಂಡರು.

ಹೊಳೆಯಾಚೆಯ ಕಾಸರಕೋಡಿನಿಂದ ದೋಣಿಯಲ್ಲಿ ಬರುವ ಹುಡುಗಿ ಮಾಸ್ತಮ್ಮ ಎದ್ದಳು. “ಕೊಡುದು ಅಂದ್ರೆ ಸಾಕಲ್ಲ ಮಾಸ್ತರೇ? ದಯಪಾಲಿಸುದು ಬೇರೆ ಎಂತಕ್ಕೆ?”

ಕೇಳಿದ್ದೇ ತಡ, ಬೀಗ ಕಿತ್ತುಹೋಯಿತು. ಡಸ್ಟರನ್ನು ಶಲ್ಯದಲ್ಲಿ ಸುತ್ತಿ ಕಂಕುಳಲ್ಲಿ ಅಡಗಿಸಿ ಮಾಸ್ತರರು ಕುಚೇಲರಾದರು. “ಕೃಷ್ಣಾ! ಬೇಡಲು ಬಂದವನಲ್ಲ ನಾನು. ಬಡವನಾದರೂ ನಿನ್ನ ಗೆಳೆಯ. ಈ ಹಿಡಿ ಅವಲಕ್ಕಿಯನ್ನು ನಿನ್ನ ಅರಮನೆಯಲ್ಲಿ ಹೇಗೆ ಬಿಚ್ಚಲಿ?”

ಬಾಗಿಲಲ್ಲಿ ಹೆಡ್‌ಮಾಸ್ತರರು ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಅವರನ್ನು ಕಂಡದ್ದೇ ಮಾಸ್ತರರ ಕಣ್ಣೆದುರು ಬೆಲ್ಲದ ತಕ್ಕಡಿ ತೂಗಾಡಿ ಮಾತು ಅಲ್ಲೇ ನಿಂತಿತು.

ಆದರೆ ತಾಳಮದ್ದಲೆಯ ರುಚಿ ಹತ್ತಿದವರ ಎದುರು ಮಾತನ್ನು ಅರ್ಧಕ್ಕೆ ಬಿಡಬಾರದು. ಎತ್ತಿಕೊಳ್ಳದೆ ಇರುವುದು ಅವರಿಂದಾಗದು.

“ಮಿತ್ರಾ!” ಹಿಂದಿನ ಬೆಂಚು ಗುಡುಗಿತು. ಸಾಹೇಬರು ಎದ್ದು ಬರುತ್ತಿದ್ದರು. ಅವರು ಹುಟ್ಟಿ ಬೆಳೆದದ್ದು ಇಲ್ಲೇ ಕುಮಟೆಯ ಹತ್ತಿರದ ಸಂತೆಗುಳಿಯಲ್ಲಿ, ತಾಳಮದ್ದಲೆ ಕೂಟಗಳ ನಡುವೆ ಎಂದು ತಿಳಿದದ್ದು ಆಮೇಲೆ. “ನಾನು ಕೊಡುವವನು, ನೀನು ಪಡೆಯುವವನು ಎಂದವರಾರು? ಹಸಿದವನು ನಾನು. ಮೊದಲು ನೀನು ಕೊಡು!” ಎಂದವರೇ ಗಂಟು ಕಿತ್ತುಕೊಂಡು ಕೊಡವಿದರು. ಸೀಮೆಸುಣ್ಣದ ಪುಡಿ ಕೋಟಿನ ತುಂಬ ಹಾರಿತು. ಮಕ್ಕಳು ಚಪ್ಪಾಳೆ ತಟ್ಟಿ ಕುಣಿದರು. ನೌಕರಿಯ ಚಿಂತೆ ಮರೆತು ಮಾಸ್ತರರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಥ ಎದುರಾಳಿ ಅವರಿಗೆ ಯಾವ ಕೂಟದಲ್ಲೂ ಸಿಕ್ಕಿರಲಿಲ್ಲ.

ಕೋಟು ಝಾಡಿಸಿಕೊಂಡು ಸಾಹೇಬರು ಮತ್ತೆ ಇಂಗ್ಲಿಷಾದರು. ಮಾಸ್ತಮ್ಮನತ್ತ ತಿರುಗಿ “ಮೀನಿಂಗ್?” ಎಂದರು.

“ತಕಂಡವ್ರು ಸಣ್ಣೋರು ಆಗ್ದಂಗೆ ಕೊಡುದು, ಸರ್.”

“ಯೂಸ್ ಇನ್ ಎ ಸೆಂಟೆನ್ಸ್?”

ಹುಡುಗಿ ಒಮ್ಮೆ ಮಾಸ್ತರರನ್ನು ನೋಡಿದಳು. “ವೌಚ್‌ಸೇಫ್ ಅಸ್ ಅವರ್ ಮಾಸ್ತರ್, ಸರ್.”

ನಮ್ಮ ಮಾಸ್ತರರನ್ನು ನಮಗೆ ದಯಪಾಲಿಸಿ. ಇಡೀ ತರಗತಿ ಸಾಹೇಬರತ್ತ ತಿರುಗಿತು. ಕೃಷ್ಣನಾದ ಆ ಗಳಿಗೆ ಬಿಟ್ಟರೆ ಬೆಳಗಿನಿಂದ ಇಂಗ್ಲಿಷ್ ಬಿಟ್ಟು ಕದಲದ ಅವರ ಮೋರೆ ಮೆಲ್ಲಗೆ ಅರಳಿತು.

“ಆತು” ಎಂದರು ಸಾಹೇಬರು.