ಫಾದರ್ ಸಾವಾಗೆ ಬಿಟ್ಟ ಜಾಗ

"ತಗೊಳ್ಳಿ ಸ್ವಾಮಿ, ನಿಮ್ಮವರು," ಎಂದು ಕರುಣಾಕರ ರೇಷ್ಮೆ ವಸ್ತ್ರ ಸುತ್ತಿದ ಡಬ್ಬಿಯನ್ನು ತನ್ನ ಮೋಟೆಲಿನ ಕೌಂಟರ್ ಮೇಲಿಟ್ಟ. ಎದುರಿಗೆ ನಿಂತಿದ್ದ ಕಪ್ಪು ನಿಲುವಂಗಿಯ ಸನ್ಯಾಸಿ ಡಬ್ಬಿಯನ್ನು ನೋಡಿದರು. ಬಾಲ್ಕನ್ ಬೆಟ್ಟದ ಮಠದಿಂದ ತಾವು ಹೊತ್ತು ತಂದಿದ್ದ ಮರದ ಪೆಟ್ಟಿಗೆಯನ್ನು ನೋಡಿದರು.

"ಇದೇನು?"

"ಬೂದಿ. ಫಾದರ್ ಸಾವಾ ಅವರದ್ದು."

ಸನ್ಯಾಸಿ ಕೌಂಟರಿನ ಅಂಚು ಹಿಡಿದುಕೊಂಡರು. "ಸುಟ್ಟಿರಾ?"

ಫಾದರ್ ಸಾವಾ ಅಮೆರಿಕಾದ ಈ ವುಡ್‌ಬ್ರಿಡ್ಜ್‌ಗೆ ಬಂದದ್ದು ಪುಟ್ಟದೊಂದು ಆರ್ಥಡಾಕ್ಸ್ ಚರ್ಚಿನ ಪೂಜೆಗೆ. ಚರ್ಚು ಮುಚ್ಚಿದ ಮೇಲೆ ಮೋಟೆಲಿನ ಮೂಲೆಯ ರೂಮೇ ಅವರ ಮಠ. "ಹೆಸರೇ ಸಾವಾ! ಬೇರೆ ಹೆಸರು ಸಿಗ್ಲಿಲ್ವಾ ಮಾರಾಯ್ರೆ ಇವ್ರ ಅಪ್ಪ ಅಮ್ಮನಿಗೆ?" ಎಂದು ನಗುತ್ತಲೇ ಕರುಣಾಕರನ ಹೆಂಡತಿ ಗುಲಾಬಿ ದಿನವೂ ಗಂಜಿ ಕೊಟ್ಟು ಬರುತ್ತಿದ್ದಳು. ಕೊನೆಗಾಲದಲ್ಲಿ ಅವರು ಕರುಣಾಕರನ ಕೈ ಹಿಡಿದು, "ನನ್ನ ಎಲುಬು ಮಠಕ್ಕೆ ಹೋಗಬೇಕು, ನೀನೇ ನೋಡಿಕೋ" ಎಂದಿದ್ದರು. ಅವನಿಗೆ ಗೊತ್ತಿದ್ದ ದಾರಿ ಒಂದೇ. ಊರಲ್ಲಿ ತನ್ನ ಅಪ್ಪನನ್ನೂ ಸುಟ್ಟ ಮೇಲೆಯೇ ಎಲುಬು ಆಯ್ದು ತಂದದ್ದು. ಇಲ್ಲಿಯ ಕ್ರಿಮೆಟೋರಿಯಮ್‌ನವರು ಮಾತ್ರ ಎಲ್ಲವನ್ನೂ ಹಿಟ್ಟು ಮಾಡಿ ಕೊಟ್ಟರು. ಮಠಕ್ಕೆ ಅವರು ತೀರಿಕೊಂಡ ಸುದ್ದಿ ಮುಟ್ಟಿಸಿದಾಗ, "ಮೂರು ವರ್ಷ ಕಳೆದ ಮೇಲೆ ಬಂದು ಒಯ್ಯುತ್ತೇವೆ" ಎಂಬ ಉತ್ತರ ಬಂತು.

"ಪಾಪ, ವೀಸಾ ಡೇಟ್ ಅಷ್ಟು ದೂರ ಸಿಕ್ಕಿರ್ಬೇಕು," ಎಂದು ಗುಲಾಬಿಗೆ ಹೇಳಿ ಡಬ್ಬಿಯನ್ನು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿಟ್ಟಿದ್ದ.

"ಮೂರು ವರ್ಷ ಮಣ್ಣಿನ ಪಾಲು," ಸನ್ಯಾಸಿ ಈಗ ಮೆಲ್ಲಗೆ ಹೇಳಿದರು. "ಆಮೇಲೆ ಎಲುಬು ತೆಗೆದು ವೈನ್‌ನಲ್ಲಿ ತೊಳೆಯುತ್ತೇವೆ. ಬುರುಡೆಯ ಹಣೆಗೆ ಹೆಸರು ಬರೆದು ಹಿಂದಿನವರ ಸಾಲಿನಲ್ಲಿ ಇಡುತ್ತೇವೆ. ಏಳುನೂರು ವರ್ಷದಿಂದ ಹೀಗೇ."

ಮುಂದಿನದ್ದನ್ನು ಅವರು ಹೇಳಬೇಕಿರಲಿಲ್ಲ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಹತ್ತಿಯ ಗಡ್ಡ ಅಂಟಿಸಿಕೊಂಡು, ಸಾವಾರಂತೆಯೇ 'ರ'ಕಾರವನ್ನು ಗರಗರ ತಿರುಗಿಸಿ, ಕರುಣಾಕರ ಅವರು ಹೇಳುತ್ತಿದ್ದ ಮಠದ ಕಥೆಯನ್ನು ಎಷ್ಟು ಸಲ ಆಡಿ ತೋರಿಸಿದ್ದನೋ: "ರಾಜ ಕಟ್ಟಿದ, ತುರ್ಕರು ಸುಟ್ಟರು. ಮತ್ತೆ ಕಟ್ಟಿದೆವು, ಮತ್ತೆ ಸುಟ್ಟರು. ಗಂಟೆ ಬೇಡ ಎಂದರು, ಮರದ ಹಲಗೆ ಬಡಿದೆವು. ಬಂಗಾರ ಬಿಟ್ಟು ಓಡಿದೆವು, ಬುರುಡೆ ಬಿಡಲಿಲ್ಲ. ನಮ್ಮವರಲ್ಲಿ ಒಬ್ಬನನ್ನೂ ಬೆಂಕಿಗೆ ಕೊಡಲಿಲ್ಲ, ಮೈ ಫ್ರೆಂಡ್!" ಜನ ಬಿದ್ದು ಬಿದ್ದು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ಸಾವಾರೂ.

"ಎಂತಾದ್ರೂ ಹೇಳಿ ಅವ್ರಿಗೆ," ಗುಲಾಬಿ ಪಿಸುಗುಟ್ಟಿದಳು.

"ಎಂತ ಹೇಳುದು?" ಎಂದ. ಆಮೇಲೆ ಸನ್ಯಾಸಿಯತ್ತ ತಿರುಗಿ, "ನಮ್ಮ ಅಪ್ಪನಿಗೆ ಮಾಡಿದ ಹಾಗೇ ಮಾಡಿದ್ದು, ಸ್ವಾಮಿ."

"ಗೊತ್ತಾಗುತ್ತದೆ," ಎಂದರು ಅವರು, ರೇಷ್ಮೆಯನ್ನು ಮುಟ್ಟಿ. ಬೈದಿದ್ದರೆ ವಾಸಿಯಿತ್ತು. "ಅವರು ಅಮೆರಿಕಾಕ್ಕೆ ಹೊರಟಾಗಲೇ ಸಾಲಿನಲ್ಲಿ ಜಾಗ ಬಿಟ್ಟಿದ್ದೆವು."

ಡಬ್ಬಿಯನ್ನು ಎಲುಬಿಗೆಂದು ತಂದ ಪೆಟ್ಟಿಗೆಯೊಳಗಿಟ್ಟು ಎತ್ತಿದರು. ಟಕ್ ಎಂದು ಮರಕ್ಕೆ ಬಡಿಯಿತು. ಗುಲಾಬಿ ಒಳಗೋಡಿ, ರೂಮುಗಳಿಗೆ ಇಡುವ ಬಿಳಿ ಟವೆಲುಗಳನ್ನು ತಂದಳು. ಕರುಣಾಕರ ಒಂದನ್ನು ಸುತ್ತ ತುರುಕಿದ. ಮತ್ತೆ ಟಕ್. ಇನ್ನೊಂದನ್ನೂ ತುರುಕಿದ ಮೇಲೆ ಸದ್ದು ನಿಂತಿತು, ಆದರೆ ಮುಚ್ಚಳ ಕೂರಲಿಲ್ಲ. ಸನ್ಯಾಸಿ ಅದನ್ನು ಒತ್ತಿ ಹಿಡಿದು ನಿಂತರು. ಸಂದಿಯಿಂದ ಮೋಟೆಲಿನ ಹೆಸರಿದ್ದ ಟವೆಲಿನ ತುದಿ ಹೊರಗೇ ಉಳಿದಿತ್ತು. ಕರುಣಾಕರ ಅದನ್ನು ಬೆರಳಿನಿಂದ ಒಳಗೆ ತಳ್ಳುತ್ತಲೇ ಇದ್ದ.