ಕೆಂಪು ಬಟ್ಟೆಯ ಮೂಲೆ

ಆ ಕಾರಿಗೆ ನಿಂತಲ್ಲಿ ನಿಲ್ಲುವ ಬುದ್ಧಿಯೇ ಇರಲಿಲ್ಲ. ಸುಮ್ಮನೆ ಚಾಲೂ ಮಾಡಿ ಬಿಟ್ಟರೆ ಎಂಜಿನ್ ಒಮ್ಮೆ ಗುರ್ರೆಂದು ಏರುತ್ತಿತ್ತು, ಮರುಕ್ಷಣವೇ ಉಸಿರು ಕಟ್ಟಿದ ಹಾಗೆ ಕುಸಿಯುತ್ತಿತ್ತು, ಮತ್ತೆ ಏರುತ್ತಿತ್ತು. ಅದನ್ನು ತಂದ ನಾದಿನಿಯೂ ಅದರ ಪಡಿಯಚ್ಚೇ. ಬೆಳಿಗ್ಗೆ ಬಂದಿಳಿದಾಗಿನಿಂದ ತುದಿಗಾಲಲ್ಲೇ ನಿಂತಿದ್ದಳು. ನಾಳೆ ಬೆಳಿಗ್ಗೆ ಎಂಟಕ್ಕೆ ಬೆಟ್ಟದ ಆಚೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಹಾಜರಾಗಬೇಕು. ಕತ್ತಲಾಗುವುದರೊಳಗೆ ಬೆಟ್ಟ ದಾಟಬೇಕೆಂದರೆ ನಾಲ್ಕು ಗಂಟೆಗೆ ಹೊರಡಲೇಬೇಕು.

ಗಾಡಿ ರಿಪೇರಿಯ ಆ ಶೆಡ್ಡಿನ ಕೆಲಸವೆಲ್ಲ ಈಗ ಮನೆಯ ಸೊಸೆಯದು. ಅವಳ ಗಂಡ, ಅಂದರೆ ನಾದಿನಿಯ ಅಣ್ಣ, ಲಾರಿ ಡ್ರೈವರು. ಅವನಿಗೆ ಗಾಡಿ ಓಡಿಸುವುದು ಗೊತ್ತೇ ಹೊರತು ಬಿಚ್ಚುವುದು ಗೊತ್ತಿಲ್ಲ. ನಲವತ್ತು ವರ್ಷ ಎಂಜಿನ್ನುಗಳ ಹೊಟ್ಟೆ ಬಗೆದ ಮಾವ, ಕೈ ನಡುಗಲು ಶುರುವಾದ ಮೇಲೆ ವಿದ್ಯೆಯನ್ನೆಲ್ಲ ಸೊಸೆಗೆ ಧಾರೆ ಎರೆದು, ಸ್ಟೂಲಿನ ಮೇಲೆ ಕೂತು ಬಾಯಲ್ಲೇ ಬೋಲ್ಟ್ ಬಿಗಿಯುತ್ತಿದ್ದರು. ಬೀದಿಯವರು ಸೊಸೆಗೆ ಸ್ಪ್ಯಾನರಮ್ಮ ಎಂದು ಹೆಸರಿಟ್ಟಿದ್ದರು. ಮೊದಮೊದಲು ನಗುತ್ತಾ ಕರೆದವರೇ ಆಮೇಲೆ ಗಾಡಿ ತಂದು ನಿಲ್ಲಿಸತೊಡಗಿದರು.

ನಾದಿನಿಗೆ ಮಾತ್ರ ಇದ್ಯಾವುದೂ ಸರಿಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ಮಾವ ಮಗಳನ್ನು "ಯಾವಾಗ ಬಂದೆ ಪುಟ್ಟಿ?" ಎಂದು ಮೂರು ಸಲ ಕೇಳಿದ್ದರು. ಮೂರನೆಯ ಸಲ ಅವಳು ತಟ್ಟೆ ಬಿಟ್ಟೆದ್ದು ಬಂದು ಅತ್ತಿಗೆಯ ಮುಂದೆ ನಿಂತಳು.

"ಅಪ್ಪನ ತಲೆ ಇದ್ದಲ್ಲಿ ಇಲ್ಲ. ನಿನಗೆ ನೋಡಿದರೆ ಅನುಭವ ಸಾಲದು. ಇಬ್ಬರೂ ಸೇರಿ ಯಾರ ಪ್ರಾಣಕ್ಕೆ ಕುತ್ತು ತರ್ತೀರೋ ಏನೋ. ನನ್ನ ಕಾರು ಇವತ್ತು ಸರಿಯಾಗಿ ಹೊರಡಲಿಲ್ಲ ಅಂದ್ರೆ, ಅಣ್ಣನಿಗೆ ಹೇಳಿ ಈ ಶೆಡ್ಡಿಗೆ ಬೀಗ ಹಾಕಿಸ್ತೀನಿ ಅತ್ತಿಗೆ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಲು ಸೊಸೆಗೆ ಪುರುಸೊತ್ತಾದರೂ ಎಲ್ಲಿತ್ತು? ಆದರೆ ಮಾತು ಎದೆಯಲ್ಲಿ ಕೂತುಬಿಟ್ಟಿತು. ತಂಗಿಯ ಮಾತೆಂದರೆ ಗಂಡನಿಗೆ ವೇದವಾಕ್ಯ. ಶೆಡ್ಡಿಗೆ ಬೀಗ ಬಿದ್ದರೆ ತಾನು ಹೇಗೋ ಬದುಕಿಕೊಂಡಾಳು, ಮಾವ ಎಲ್ಲಿ ಕೂರಬೇಕು? ಆ ಸ್ಟೂಲು ಬಿಟ್ಟರೆ ಅವರಿಗೆ ಈ ಭೂಮಿ ಮೇಲೆ ಬೇರೆ ಜಾಗ ಇರಲಿಲ್ಲ.

ಕಾರಿನ ಕಾಯಿಲೆ ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಎಂಜಿನ್ನಿಗೆ ಗಾಳಿ ಹಂಚುವ ನಾಲ್ಕು ಕವಲಿನ ಕೊಳವೆ, ಅದೇ ಮ್ಯಾನಿಫೋಲ್ಡ್, ಅದರ ಸಂದಿಯಲ್ಲಿ ಗಾಳಿ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಹರಿದು ಕಳ್ಳಗಾಳಿ ಒಳಗೆ ನುಗ್ಗುತ್ತಿತ್ತು. ಫಿಲ್ಟರ್ ಡಬ್ಬಿ, ದಪ್ಪ ರಬ್ಬರ್ ಹೋಸ್, ವೈರುಗಳು, ಕಡೆಗೆ ಮ್ಯಾನಿಫೋಲ್ಡ್ ಎಲ್ಲ ಬಿಚ್ಚಿ ಪಕ್ಕಕ್ಕಿಟ್ಟಾಗ ಎಂಜಿನ್ನಿನ ನಾಲ್ಕು ಬಾಯಿಗಳು ತೆರೆದುಕೊಂಡವು. ಅಲ್ಲೇ ಜೀವ ಕೈಯಲ್ಲಿ ಹಿಡಿದುಕೊಂಡು ಕೆಲಸ ಮಾಡಬೇಕು. ಆ ಬಾಯಿಗಳಿಗೆ ಒಂದು ಸಣ್ಣ ನಟ್ಟು ಬಿದ್ದರೂ ಎಂಜಿನ್ ಕಥೆ ಮುಗಿಯಿತು.

ಅದಕ್ಕೇ ಮಾವನದೊಂದು ಕಟ್ಟಳೆ ಇತ್ತು. ಒಂದು ಗೇಣಿನ ಚೌಕ ಕೆಂಪು ಬಟ್ಟೆಯನ್ನು ಅವರೇ ನಾಲ್ಕು ತುಂಡು ಕತ್ತರಿಸಿ, ಬಾಯಿಗೊಂದರಂತೆ ತುರುಕಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಆ ನಾಲ್ಕೂ ತುಂಡು ಮೇಜಿನ ಮೇಲೆ ಮತ್ತೆ ಒಂದು ಚೌಕವಾಗಿ ಕೂಡಬೇಕು. ಕೂಡುವವರೆಗೆ ಯಾರೂ ಕೀಲಿ ತಿರುಗಿಸುವಂತಿಲ್ಲ; ಗಾಡಿ ದೇವರದೇ ಆದರೂ ಅಷ್ಟೆ.

ಈ ಕಟ್ಟಳೆಯ ಮೇಲೆ ನಾದಿನಿಗೆ ಹಳೆಯ ಸಿಟ್ಟಿತ್ತು. ಎಂಟು ವರ್ಷದವಳಿದ್ದಾಗ ಬೊಂಬೆಗೆ ಲಂಗ ಹೊಲಿಯಲು ಒಂದು ತುಂಡು ಕದ್ದಿದ್ದಳು. ಅಪ್ಪ ಎರಡು ದಿನ ಅನ್ನ ನೀರು ಬಿಟ್ಟು ಒಂದಿಡೀ ಎಂಜಿನ್ ಬಿಚ್ಚಿ ಹರವಿದ್ದರು. ಮೂರನೆಯ ದಿನ ಲಂಗ ಉಟ್ಟ ಬೊಂಬೆ ಕಣ್ಣಿಗೆ ಬಿತ್ತು. ಹೊಡೆಯಲಿಲ್ಲ, ಬೈಯಲಿಲ್ಲ, ಒಂದು ವಾರ ಮಾತು ಬಿಟ್ಟರು. "ನನಗಿಂತ ಅಪ್ಪನಿಗೆ ಆ ಚಿಂದಿಯೇ ಹೆಚ್ಚು" ಎಂದು ಅವಳು ಇವತ್ತಿಗೂ ಹೇಳುತ್ತಿದ್ದಳು.

ಮೂರೂಕಾಲಾಗಿತ್ತು. ಹೊಸ ಗ್ಯಾಸ್ಕೆಟ್ ಸಿದ್ಧವಾಗಿತ್ತು. ಮಾವ ಮೇಜಿನ ಪಕ್ಕ ಕೂತು, ಮೂಗಿನಿಂದ ಜಾರುತ್ತಿದ್ದ ಕನ್ನಡಕವನ್ನು ಮೇಲೇರಿಸುತ್ತಾ, "ಇದರ ಕಾಲೇ ಸಡಿಲ, ಎಲ್ಲಾ ನನ್ನ ಹಾಗೇ" ಎಂದು ಗೊಣಗುತ್ತಿದ್ದರು. ಅಷ್ಟರಲ್ಲಿ ನಾದಿನಿ ಕಾರಿನೊಳಗೆ ಕೂತು ಹಾರನ್ ಒತ್ತಿದಳು, ಒಮ್ಮೆಯಲ್ಲ, ಮೂರು ಸಲ.

"ಆಯ್ತಾ ಅತ್ತಿಗೆ?"

"ಆಯ್ತು ಪುಟ್ಟಿ, ಇನ್ನೊಂದು ಅರ್ಧ ಗಂಟೆ."

ತಪ್ಪಾದದ್ದು ಅಲ್ಲೇ. ಒಂದೊಂದೇ ತುಂಡು ತೆಗೆದು ಬಿಡಿಸಿ ನೋಡಿ ಮೇಜಿನ ಮೇಲೆ ಹಾಸಬೇಕಾದವಳು, ನಾಲ್ಕನ್ನೂ ಸರಸರನೆ ಎಳೆದು ಮಾವನ ಮುಂದಿನ ಮೇಜಿಗೆ ಗುಡ್ಡೆಯಾಗಿ ಎಸೆದು, ಗ್ಯಾಸ್ಕೆಟ್ ಕೂರಿಸಿ, ಮ್ಯಾನಿಫೋಲ್ಡ್ ಇಟ್ಟು ಬಿಗಿಯಲು ನಿಂತುಬಿಟ್ಟಳು. ಕೆಲಸ ಮುಗಿಸಿ ತಿರುಗಿ ನೋಡಿದಾಗ ಸ್ಟೂಲು ಖಾಲಿ. ಮಾವ ಒಳಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವಳು ಕೈ ಒರೆಸಿಕೊಂಡು ಬಟ್ಟೆ ಜೋಡಿಸತೊಡಗಿದಳು. ಒಂದು, ಎರಡು, ಮೂರು ಸರಿಯಾಗಿ ಕೂತವು. ನಾಲ್ಕನೆಯದಕ್ಕೆ ಮೂಲೆಯೇ ಇರಲಿಲ್ಲ.

ಎರಡು ಬೆರಳಗಲದ ಮೂಲೆ. ಕತ್ತರಿಸಿದ್ದಲ್ಲ, ಹರಿದದ್ದು, ಅಂಚಿನಲ್ಲಿ ನೂಲು ಎದ್ದಿತ್ತು. ಎಳೆಯುವಾಗ ಯಾವುದಾದರೂ ಬೋಲ್ಟಿನ ಹಲ್ಲಿಗೆ ಸಿಕ್ಕಿ ಹರಿಯಿತೇ? ಇಲ್ಲ, ಮೊದಲೇ ಹರಿದಿತ್ತೇನೋ. ಮೊದಲೇ ಹರಿದ ಬಟ್ಟೆಯನ್ನು ಮಾವ ಕತ್ತರಿಸುತ್ತಾರೆಯೇ? ಈಗ ಮರೆವು ಬೇರೆ, ಕತ್ತರಿಸಿರಬಹುದು. ಮೇಜಿನ ಕೆಳಗೆ ನೋಡಿದಳು, ಕಾರಿನ ಅಡಿಗೆ ತೂರಿ ನೋಡಿದಳು, ತನ್ನ ಸೆರಗು ಕೊಡವಿದಳು, ಚಪ್ಪಲಿ ತಿರುಗಿಸಿ ಅಂಗಾಲು ನೋಡಿದಳು. ಎಲ್ಲೂ ಇಲ್ಲ. ಸುಮ್ಮನೆ ಬಾನೆಟ್ ಮುಚ್ಚಿ ಕೀಲಿ ಕೊಟ್ಟುಬಿಟ್ಟರೆ? ನೂರಕ್ಕೆ ತೊಂಬತ್ತು ಪಾಲು ಏನೂ ಆಗದು. ಉಳಿದ ಹತ್ತು ಪಾಲಿನಲ್ಲಿ ಪುಟ್ಟಿ ಒಬ್ಬಳೇ ಬೆಟ್ಟದ ತಿರುವಿನಲ್ಲಿರುತ್ತಾಳೆ.

ಅವಳು ಮತ್ತೆ ಸ್ಪ್ಯಾನರ್ ಕೈಗೆತ್ತಿಕೊಂಡಳು.

"ಇದೇನು ಅತ್ತಿಗೆ? ಹಾಕಿದ್ದನ್ನೇ ಮತ್ತೆ ಬಿಚ್ತಾ ಇದೀಯಾ?"

"ಬಟ್ಟೆಯ ಮೂಲೆ ಸಿಗ್ತಿಲ್ಲ ಪುಟ್ಟಿ. ಒಳಗೆ ಹೋಗಿದೆಯೋ ಏನೋ, ನೋಡದೆ ಕೊಡಲಾರೆ."

ನಾದಿನಿಯ ಮುಖ ಕೆಂಪಗಾಯಿತು. "ಮತ್ತೆ ಆ ಹಾಳು ಚಿಂದಿ!" ಎಂದವಳೇ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಅಡ್ಡಾಡತೊಡಗಿದಳು. ಅವಳ ಚಪ್ಪಲಿಯ ಸದ್ದು ಸೊಸೆಯ ಬೆನ್ನ ಮೇಲೇ ನಡೆದಂತಿತ್ತು. ಬೆವರಿಗೆ ಸ್ಪ್ಯಾನರ್ ಜಾರಿತು, ಗೆಣ್ಣು ಕಿತ್ತು ರಕ್ತ ಬಂತು. ಒಂದು ಬೋಲ್ಟ್ ಬೇಕೆಂದೇ ಹಟ ಹಿಡಿದು ಕೂತಿತು. ನಾಲ್ಕೂವರೆಗೆ ಮ್ಯಾನಿಫೋಲ್ಡ್ ಮತ್ತೆ ಮೇಜಿಗೆ ಬಂತು. ಟಾರ್ಚ್ ಬಿಟ್ಟು ಒಂದೊಂದೇ ಬಾಯಿ ನೋಡಿದಳು, ಕಿರುಬೆರಳು ಹಾಕಿ ಸವರಿದಳು. ನಾಲ್ಕೂ ಸ್ವಚ್ಛ.

ಸಿಕ್ಕಿದ್ದರೆ ನೆಮ್ಮದಿ. ಸಿಗದಿದ್ದದ್ದೇ ಸಂಕಟ. ಮೂರನೆಯ ಬಾಯಿಯ ತಳದಲ್ಲಿ ವಾಲ್ವ್ ತೆರೆದೇ ನಿಂತಿತ್ತು. ಮೂಲೆ ಅಲ್ಲಿಂದ ಜಾರಿ ಸಿಲಿಂಡರಿಗೇ ಇಳಿದಿದ್ದರೆ ಎಂಜಿನ್ನಿನ ತಲೆ ಇಳಿಸದೆ ಗತಿಯಿಲ್ಲ.

"ಪುಟ್ಟಿ," ಎಂದಳು ಸೊಸೆ. "ಹೆಡ್ ಬಿಚ್ಚಬೇಕು. ಎರಡು ದಿನ ಆಗುತ್ತೆ. ತಪ್ಪು ನನ್ನದೇ, ಅವಸರದಲ್ಲಿ ನೋಡದೆ ಎಳೆದೆ. ನೀನು ಬಸ್ಸಿಗೆ ಹೋಗು, ನಿಮ್ಮಣ್ಣನಿಗೆ ನಾನೇ ಹೇಳ್ತೀನಿ."

"ಹೇಳು! ಬೀಗವನ್ನೂ ನೀನೇ ತಗೊಂಡು ಬಾ!" ನಾದಿನಿ ಕಿರುಚಿದಳು. ಅವಳ ಕಣ್ಣಲ್ಲಿ ನೀರೇ ಬಂದಿತ್ತು.

ಆ ಸದ್ದಿಗೆ ಮಾವ ಎದ್ದರು. ಒಳಗೆ ಮಂಚ ಕಿರುಗುಟ್ಟಿತು. ತಡವರಿಸುತ್ತಾ ಬಂದು ಬಾಗಿಲಲ್ಲಿ ನಿಂತರು. ಮಗಳನ್ನೂ ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ನೆಟ್ಟಗೆ ಮೇಜಿನ ಬಳಿ ಹೋಗಿ, ಜೋಡಿಸಿಟ್ಟ ಬಟ್ಟೆಯ ಮೇಲೆ ಬಾಗಿ, ನಡುಗುವ ಬೆರಳಿಂದ ಅಂಚು ಸವರಿದರು.

"ಮೂಲೆ ಎಲ್ಲಿ?" ಎಂದರು. ದನಿ ಹಳೆಯ ಮೇಸ್ತ್ರಿಯದೇ. "ಎಷ್ಟು ಸಲ ಹೇಳಿದೀನಿ? ಮೂಲೆ ಸಿಗೋವರೆಗೆ ಕೀಲಿ ಮುಟ್ಟೋ ಹಾಗಿಲ್ಲ. ಯಾರು ತೆಗೆದದ್ದು?"

ಸೊಸೆ ಉತ್ತರ ಕೊಡಲು ತಲೆ ಎತ್ತಿದಳು.

ಬಾಗಿದ್ದರೂ ಕನ್ನಡಕ ಮೂಗಿನಿಂದ ಜಾರಿರಲಿಲ್ಲ. ಅದರ ಸಡಿಲ ಕಾಲಿನ ಸಂದಿಗೆ, ಕಿವಿಯ ಹತ್ತಿರ, ಎರಡು ಬೆರಳಗಲದ ಕೆಂಪು ಬಟ್ಟೆ ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ನಡುಗುವ ಕೈ ಎಷ್ಟು ಹೊತ್ತು ಹೆಣಗಿ ಹಾಕಿದ ಗಂಟೋ! ತಮ್ಮ ಕಟ್ಟಳೆಯ ಬಟ್ಟೆಯನ್ನು ತಾವೇ ಹಲ್ಲಲ್ಲಿ ಹರಿದು ಕಟ್ಟಿಕೊಂಡು, ಮರೆತು, ಮಲಗಿ ಎದ್ದು ಬಂದು ಮಾವ ನ್ಯಾಯ ಕೇಳುತ್ತಿದ್ದರು. ಸೊಸೆಗೆ ನಗು ಬರಲಿಲ್ಲ. ಮೆಲ್ಲಗೆ ನಾದಿನಿಯ ಕಡೆ ನೋಡಿದಳು. ಅವಳೂ ಅದನ್ನೇ ನೋಡುತ್ತಿದ್ದಳು. ಈಗ ಇವಳು ಬಾಯಿ ಬಿಟ್ಟರೆ ಸಾಕು, ಶೆಡ್ಡೂ ಹೋಯಿತು, ಸ್ಟೂಲೂ ಹೋಯಿತು.

"ಮಾವ, ಅದು ನಾನು..." ಎಂದು ಸೊಸೆ ಮುಂದಾದಳು.

"ನಾನು ತೆಗೆದೆ ಅಪ್ಪಾ," ಎಂದಳು ನಾದಿನಿ.

ಮಾವ ಮಗಳ ಕಡೆ ತಿರುಗಿದರು.

"ಮತ್ತೆ ಬೊಂಬೆಗಾ?"

"ಹೂಂ ಅಪ್ಪಾ. ಬೊಂಬೆಗೆ."

"ಎಂಜಿನ್ ಒಳಗೆ ಹೋಗಿಲ್ಲ ತಾನೇ? ಖಾತ್ರಿಯಾ?"

"ಖಾತ್ರಿ ಅಪ್ಪಾ. ಕಣ್ಣಾರೆ ನೋಡಿದೀನಿ."

"ಸರಿ ಹಾಗಾದ್ರೆ." ಮಾವ ಸ್ಟೂಲಿನ ಮೇಲೆ ಕೂತರು. "ಅವತ್ತು ನಿನ್ನ ಹತ್ರ ಒಂದು ವಾರ ಮಾತು ಬಿಟ್ಟಿದ್ದೆ. ಅಷ್ಟು ಬಿಡಬಾರದಿತ್ತು. ಸಣ್ಣ ಮಗು ನೀನು." ಆಮೇಲೆ ಸೊಸೆಗೆ, "ಬಿಗಿಯಮ್ಮಾ. ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗು" ಎಂದರು.

ಸೊಸೆ ಬಿಗಿದಳು. ನಾದಿನಿ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಳು. ಒಮ್ಮೆಯೂ ಗಡಿಯಾರ ನೋಡಲಿಲ್ಲ. ಐದೂವರೆಗೆ ಕೀಲಿ ತಿರುಗಿಸಿದಾಗ ಎಂಜಿನ್ ಏರದೆ ಇಳಿಯದೆ ಒಂದೇ ಸಮನೆ ಓಡತೊಡಗಿತು. ಮಾವ ಕಣ್ಣು ಮುಚ್ಚಿ ಕೇಳಿ ತಲೆದೂಗಿದರು.

ಹೊರಡುವ ಮುನ್ನ ನಾದಿನಿ ಕಿಟಕಿಯ ಗಾಜು ಇಳಿಸಿದಳು. ಬೀಗದ ಮಾತು ಬರಬಹುದೆಂದು ಸೊಸೆ ಸೆರಗಲ್ಲಿ ಕೈ ಒರೆಸುತ್ತಾ ನಿಂತಳು.

"ಅತ್ತಿಗೆ, ಇನ್ಮೇಲೆ ಬಟ್ಟೆ ನೀನೇ ಕತ್ತರಿಸು," ಎಂದಳು ನಾದಿನಿ. "ಆ ಮೂಲೆ ಅಪ್ಪನ ಹತ್ರಾನೇ ಇರಲಿ, ಬಿಚ್ಚಬೇಡ."

ಕಾರು ಬೀದಿಯ ತಿರುವು ದಾಟಿತು. ಸೊಸೆ ಒಳಗೆ ಬಂದಾಗ ಮಾವ ಕನ್ನಡಕ ಒಂಚೂರೂ ಜಾರದಂತೆ ಸ್ಟೂಲಿನ ಮೇಲೆ ಕೂತಿದ್ದರು.

"ಪುಟ್ಟಿ ಯಾವಾಗ ಬರ್ತಾಳಮ್ಮಾ?" ಎಂದು ಕೇಳಿದರು.