ತುದಿಯ ಸಂದು

ಮಾರ್ತಾಂಡ ಸರ್ ಅನುಜಾಳ ಮೇಜಿನ ಹತ್ತಿರ ಆ ಬೆಳಿಗ್ಗೆ ಮೂರನೆಯ ಸಲ ಹೋಗಿ ನಿಂತದ್ದನ್ನು ನರ್ಮದಾ ತಲೆಯೆತ್ತದೆಯೇ ನೋಡಿದಳು. ಮಗರಪಟ್ಟಾದ ಈ ಸೇತುವೆ ವಿನ್ಯಾಸದ ಕಚೇರಿಯಲ್ಲಿ ಹನ್ನೊಂದು ವರ್ಷ ಕಳೆದವಳಿಗೆ, ತನ್ನ ಮೇಜಿಗೆ ಅವರು ಕೊನೆಯ ಸಲ ಬಂದದ್ದು ಯಾವಾಗ ಎಂಬುದೂ ನೆನಪಿತ್ತು. ದೀಪಾವಳಿಗೆ ಮುಂಚೆ, ಅದೂ ಸ್ಟೇಪ್ಲರ್ ಕೇಳಲು.

ಕಛ್ ಕರಾವಳಿಯಲ್ಲಿ ಕಡಲಿಗೆ ಅಡ್ಡಲಾಗಿ ಏಳಲಿದ್ದ ಸೇತುವೆಯ ಕೆಲಸ ಅದು. ಎರಡು ಗೋಪುರ, ಅವುಗಳಿಂದ ಬೀಸಣಿಗೆಯಂತೆ ಇಳಿಯುವ ಉಕ್ಕಿನ ಕೇಬಲ್‌ಗಳು, ಆ ಕೇಬಲ್‌ಗಳು ಎತ್ತಿಹಿಡಿಯುವ ಎಂಟುನೂರು ಮೀಟರ್ ಉದ್ದದ ಡೆಕ್, ಅಂದರೆ ವಾಹನಗಳು ಓಡುವ ಹಾಸು. ನೆಲ ಜೋರಾಗಿ ನಡುಗುವ ಸೀಮೆ. ನರ್ಮದಾ ಹದಿನಾಲ್ಕು ತಿಂಗಳು ಕೂತು ನಕ್ಷೆಯಲ್ಲಿ ಡೆಕ್ಕನ್ನು ಗೋಪುರಕ್ಕೆ ಬಿಗಿಯಾಗಿ ಕಟ್ಟಿದ್ದಳು. ಬಂದು ಎರಡು ವರ್ಷವೂ ಆಗದ ಅನುಜಾ ಅದನ್ನು ಬಿಚ್ಚಿದಳು. ಕೇಬಲ್‌ಗಳಲ್ಲೇ ತೂಗಿಕೊಂಡಿರಲಿ, ಭೂಕಂಪ ಬಂದಾಗ ಹಿಂದೆ ಮುಂದೆ ಓಡಾಡಲಿ, ಎಣ್ಣೆ ತುಂಬಿದ ಡ್ಯಾಂಪರ್‌ಗಳು ಆ ಓಟದ ಬಿರುಸು ಇಳಿಸಲಿ ಎಂದಳು. ಗೋಪುರದ ಬುಡಕ್ಕೆ ಬೀಳುವ ಹೊರೆ ಮೂರರಲ್ಲೊಂದು ಪಾಲು ಕಡಿಮೆಯಾಯಿತು.

“ನಾವು ಕಟ್ಟಿ ಕಟ್ಟಿ ಹೈರಾಣ ಆಗಿದ್ವಿ. ಈಕಿ ನೋಡ್ರಿ, ಬಿಚ್ಚಿ ಕೆಲಸ ಮುಗಿಸಿದ್ಲು,” ಎಂದರು ಸರ್ ಚಹಾದ ಹೊತ್ತಿಗೆ. ಮರಾಠಿಗರೇ ತುಂಬಿದ ಆ ಕಚೇರಿಯಲ್ಲಿ ಕನ್ನಡದವರು ಈ ಮೂವರೇ. ತಾವು ತಾವೇ ಇದ್ದಾಗ ಧಾರವಾಡದ ಸರ್‌ಗೆ ಮರಾಠಿ ನೆನಪಾಗುತ್ತಿರಲಿಲ್ಲ. “ಗುರುವಾರ ಭುಜ್‌ದಾಗ ತಜ್ಞರ ಮುಂದ ಮೀಟಿಂಗ್ ಅದ. ಅನುಜಾನಽ ಹೋಗಿ ಹೇಳ್ತಾಳ. ನರ್ಮದಾ, ನೀವು ಸಂಜಿ ಒಳಗ ನಕ್ಷಾ ಚೆಕ್ ಮಾಡಿ ಕೊಡ್ರಿ. ನಿಮ್ಮ ಕಣ್ಣು ತಪ್ಪಿಸಿ ಏನೂ ಹೋಗೂದಿಲ್ಲ.”

“ಆತ್ರಿ,” ಎಂದಳು ನರ್ಮದಾ. ಅವಳಿಗೆ ಭುಜ್, ನನಗೆ ಕಣ್ಣು, ಎಂದುಕೊಂಡಳು.

ಪರೀಕ್ಷಿಸುವ ಕ್ರಮ ಅಲ್ಲಿ ಹಳೆಯದು. ನಕ್ಷೆಯ ಕಾಗದದ ಪ್ರತಿ ತೆಗೆದು ಸರಿಯಿದ್ದ ಪ್ರತಿಯೊಂದು ಅಂಕಿಯ ಮೇಲೂ ಹಳದಿ ಎಳೆಯಬೇಕು. ತಪ್ಪಿದ್ದರೆ ಕೆಂಪು ಪೆನ್ನು. ಆ ಪ್ರತಿ ಸೇತುವೆ ಇರುವಷ್ಟು ಕಾಲ ಕಪಾಟಿನಲ್ಲಿರುತ್ತದೆ.

ಏಳನೆಯ ಹಾಳೆಯಲ್ಲಿ ಅವಳ ಕೈ ನಿಂತಿತು. ಡೆಕ್ಕಿನ ತುದಿಗೂ ದಡದ ಕಂಬಕ್ಕೂ ನಡುವೆ ಬಿಟ್ಟ ಸಂದು ಮುನ್ನೂರ ಐವತ್ತು ಮಿಲಿಮೀಟರ್. ಕಟ್ಟಿದ ಡೆಕ್ಕಿಗೆ ಅದು ಧಾರಾಳ. ಬಿಚ್ಚಿದ ಡೆಕ್ ಆರುನೂರು ಮಿಲಿಮೀಟರ್ ಓಡುತ್ತದೆ. ಇಷ್ಟು ಸಂದಿನಲ್ಲಿ ಟಗರಿನ ಹಾಗೆ ಹೋಗಿ ಕಂಬಕ್ಕೆ ಗುದ್ದುತ್ತದೆ.

ಎದೆಯೊಳಗೆ ಏನೋ ತಣ್ಣಗಾಯಿತು. ಅದು ಸಂತೋಷವೆಂದು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಭುಜ್‌ನಲ್ಲಿ ಹಿರಿಯ ತಜ್ಞರು ಯಾರಾದರೂ ಇದನ್ನು ಹಿಡಿಯುತ್ತಾರೆ, ಎಲ್ಲರೆದುರು ಅನುಜಾಳ ಮುಖ ಸಣ್ಣದಾಗುತ್ತದೆ. ಪ್ರಶ್ನೆ ಬರುವುದು ಎದ್ದು ನಿಂತು ಮಾತಾಡುವವರಿಗೆ. ಚೆಕ್ ಮಾಡಿದವರನ್ನು ಯಾರು ಕೇಳುತ್ತಾರೆ? ಒಂದು ವೇಳೆ ಅವರೂ ಹಿಡಿಯದಿದ್ದರೆ ಎಂಬ ಯೋಚನೆಯನ್ನು ಅವಳು ಮುಂದಕ್ಕೆ ಬಿಡಲಿಲ್ಲ. ಅಂಕಿಯ ಮೇಲೆ ಹಳದಿ ಎಳೆದಳು.

ಮಧ್ಯಾಹ್ನ ಅನುಜಾ ಡಬ್ಬಿ ಬಿಚ್ಚಿ ರೊಟ್ಟಿ, ಬದನೆಕಾಯಿ ಎಣಗಾಯಿ ಮುಂದಿಟ್ಟಳು. ನಿಪ್ಪಾಣಿಯ ಹುಡುಗಿ. “ತೊಗೋರಿ ಅಕ್ಕಾ. ನನಗ ಹೆದರಿಕಿಗೆ ಗಂಟಲದಾಗ ಇಳಿಯವಲ್ದು.”

“ನಿನಗ್ಯಾಕ ಹೆದರಿಕಿ? ಸರ್ ನಿನ್ನ ಮೇಜಿನ ಹತ್ರನಽ ಠಿಕಾಣಿ ಹೂಡ್ಯಾರಲ್ಲ.”

ಅನುಜಾ ನಕ್ಕಳು. “ನನ್ನ ಮ್ಯಾಲ ನಂಬಿಕಿ ಇಲ್ಲರಿ, ಅದಕ್ಕ ಬರ್ತಾರ. ಮುಂಜಾನೆ ತುದಿ ಸಂದಿಂದು ಮತ್ತ ನೋಡಿದೇನು ಅಂತ ಕೇಳಿದ್ರು. ಅದು ನರ್ಮದಕ್ಕನ ಲೆಕ್ಕರಿ, ನಾ ಮುಟ್ಟಿಲ್ಲ ಅಂದೆ. ಹಂಗಾರ ಚಿಂತಿಲ್ಲ ಅಂದು ಹ್ವಾದ್ರು.”

ನರ್ಮದಾ ಕೈಯಲ್ಲಿದ್ದ ತುಂಡನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು ಎದ್ದಳು.

ಹಳೆಯ ಲೆಕ್ಕದ ಹಾಳೆಯ ಮೂಲೆಯಲ್ಲಿ ಅವಳದೇ ಸಹಿ ಇತ್ತು. ಕೆಂಪು ಪೆನ್ನು ತೆಗೆದುಕೊಂಡು ಮುನ್ನೂರ ಐವತ್ತನ್ನು ಹೊಡೆದುಹಾಕಿ ಆರುನೂರ ಐವತ್ತು ಎಂದು ಬರೆದಳು. ಸೇತುವೆಗಾಗಿ ಬರೆದಳೋ ತನ್ನ ಹೆಸರಿಗಾಗಿ ಬರೆದಳೋ, ಅವಳಿಗೇ ತಿಳಿಯಲಿಲ್ಲ. ಕೆಂಪಿನ ಕೆಳಗೆ ಹಳದಿ ಹಾಗೆಯೇ ಕಾಣುತ್ತಿತ್ತು. ಈ ಒಂದು ಹಾಳೆಯನ್ನು ಮತ್ತೆ ಪ್ರಿಂಟ್ ತೆಗೆದು ಗುರುತು ಹಾಕಿದರೆ ಹಳದಿಯ ಸುಳಿವೇ ಉಳಿಯುವುದಿಲ್ಲ, ಹತ್ತು ನಿಮಿಷದ ಕೆಲಸ. ಪ್ರಿಂಟರ್ ಕಡೆಗೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಅನುಜಾ ಮೇಜಿನ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದಳು.

“ಅಯ್ಯ, ಹೌದಲ್ರಿ. ಡೆಕ್ ಬಿಚ್ಚಿದ ಮ್ಯಾಲ ಇದನ್ನ ನಾನಽ ಮತ್ತ ನೋಡಬೇಕಿತ್ತು. ಸರ್‌ಗೆ ಹೇಳ್ತೀನಿ, ನನ್ನ ತಪ್ಪು ಅಂತ.”

ತಪ್ಪು ಒಪ್ಪಿಕೊಳ್ಳುವುದೂ ಇವಳಿಗೆ ಎಷ್ಟು ಸಲೀಸು ಎಂದು ನರ್ಮದಾಳ ಹೊಟ್ಟೆ ಉರಿಯಿತು.

ಅನುಜಾಳ ಬೆರಳು ಅಂಕಿಯ ಮೇಲೆ ನಿಂತಿತು. “ಇದರ ಕೆಳಗ ಹಳದಿ ಅದಲ್ಲ, ಅಕ್ಕಾ?”

“ಅದ.”

“ಕಣ್ಣು ತಪ್ಪಿತ್ತೇನ್ರಿ?”

ಹೌದು ಎಂದರೆ ಮುಗಿಯುತ್ತಿತ್ತು. ಹುಡುಗಿ ಆ ಮಾತನ್ನು ಕೈಗೇ ತಂದು ಕೊಟ್ಟಿದ್ದಳು, ರೊಟ್ಟಿ ಕೊಟ್ಟ ಹಾಗೆ.

“ಇಲ್ಲ,” ಎಂದಳು ನರ್ಮದಾ. “ಕಂಡಿತ್ತು. ಕಂಡಽ ಹಚ್ಚಿದೆ.”

ಅನುಜಾ ಬೆರಳನ್ನು ನಿಧಾನಕ್ಕೆ ಹಿಂದೆ ತೆಗೆದಳು.

“ಹಂಗಾರ ಸರ್‌ಗೆ ನೀವಽ ಹೇಳ್ರಿ, ಮೇಡಂ,” ಎಂದು ತನ್ನ ಜಾಗಕ್ಕೆ ಹೋದಳು.

ನರ್ಮದಾ ಏಳನೆಯ ಹಾಳೆಯನ್ನು ಸುರುಳಿ ಸುತ್ತಿಕೊಂಡು ಮಾರ್ತಾಂಡ ಸರ್ ಕೋಣೆಯ ಕಡೆಗೆ ನಡೆದಳು.